ಜೆಟ್‌ನ ಎಕ್ಸ್-ಕಿರಣ: ನೂರು ವರ್ಷದಲ್ಲಿ ಆರುವ ಎಲೆಕ್ಟ್ರಾನ್ ಸಾವಿರಾರು ಜ್ಯೋತಿರ್ವರ್ಷ ಹೊಳೆಯುವುದು ಹೇಗೆ?

ಕಾಳಿತೀರ, ಕಾರವಾರ

ಬಿಎಸ್ಸಿ ಕೊನೆಯ ವರ್ಷದ ಮೂವರು ವಿದ್ಯಾರ್ಥಿಗಳಿಗೆ ಎಂ87 ಗೆಲಾಕ್ಸಿಯ ಜೆಟ್ (ಕೇಂದ್ರದ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಣಗಳ ಸಪೂರ ಧಾರೆ) ಮೇಲೆ ಪ್ರಾಜೆಕ್ಟ್ ಕೊಟ್ಟಿದೆ. ಮಳೆಗಾಲ ಹಿಡಿದಿರುವುದರಿಂದ ನಮ್ಮ ಕಡೆ ಆಕಾಶ ನೋಡುವ ಮಾತೇ ಇಲ್ಲ. ಚಂದ್ರಾ ಎಂಬ ಬಾಹ್ಯಾಕಾಶದ ಎಕ್ಸ್-ಕಿರಣ ದೂರದರ್ಶಕದ ಸಾರ್ವಜನಿಕ ಸಂಗ್ರಹದಿಂದ ದತ್ತಾಂಶ ಇಳಿಸಿಕೊಂಡು ಕೆಲಸ ಶುರುವಾಗಿದೆ. ಮೂರು ವಿಷಯ ಬಗೆಹರಿಯಬೇಕು.

ಮೊದಲನೆಯದು ಲೆಕ್ಕದ್ದು. ಜೆಟ್‌ನ ಕಾಂತಕ್ಷೇತ್ರ 100 ಮೈಕ್ರೊಗಾಸ್ ಎಂದು ಹಿಡಿದರೆ, 1 ಕೆಇವಿ (ಸಾವಿರ ಎಲೆಕ್ಟ್ರಾನ್-ವೋಲ್ಟ್) ಎಕ್ಸ್-ಕಿರಣ ಸೂಸುವ ಎಲೆಕ್ಟ್ರಾನಿನ ಲೊರೆಂಟ್ಸ್ ಅಂಶ (ಅದರ ಶಕ್ತಿ ನಿಶ್ಚಲ ಶಕ್ತಿಯ ಎಷ್ಟು ಪಟ್ಟು ಎಂಬ ಸಂಖ್ಯೆ) ಸುಮಾರು 2.4 ಕೋಟಿ ಬರುತ್ತದೆ, ಅಂದರೆ 12 ಟಿಇವಿ ಶಕ್ತಿ (1 ಟಿಇವಿ ಎಂದರೆ ಲಕ್ಷ ಕೋಟಿ ಎಲೆಕ್ಟ್ರಾನ್-ವೋಲ್ಟ್). ಅಂಥ ಎಲೆಕ್ಟ್ರಾನ್ 100 ವರ್ಷದೊಳಗೆ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಬೆಳಕಿನ ವೇಗದಲ್ಲೇ ಓಡಿದರೂ 100 ಜ್ಯೋತಿರ್ವರ್ಷ ದಾಟುವುದರೊಳಗೆ ಆರಿರಬೇಕು. ಆದರೆ ಎಂ87ರ ಜೆಟ್ ಎಕ್ಸ್-ಕಿರಣದಲ್ಲಿ 20 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ 1 ಆರ್ಕ್‌ಸೆಕೆಂಡ್) ಉದ್ದ ಕಾಣುತ್ತದೆ. 5.5 ಕೋಟಿ ಜ್ಯೋತಿರ್ವರ್ಷ ದೂರಕ್ಕೆ ಅದು 5000 ಜ್ಯೋತಿರ್ವರ್ಷಕ್ಕೂ ಮೇಲೆ.

ಎರಡನೆಯದು: ಈ ಎಕ್ಸ್-ಕಿರಣಕ್ಕೆ ಕಾರಣ ಕೆಲವು ಕಡೆ ಸಿಂಕ್ರೊಟ್ರಾನ್ (ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್ ಸೂಸುವ ವಿಕಿರಣ) ಅನ್ನುತ್ತಾರೆ, ಕೆಲವು ಕಡೆ ಬ್ರಹ್ಮಾಂಡದ ಹಿನ್ನೆಲೆ ವಿಕಿರಣದ ವಿಲೋಮ ಕಾಂಪ್ಟನ್ ಚದುರಿಕೆ (ವೇಗದ ಎಲೆಕ್ಟ್ರಾನ್ ಕಡಿಮೆ ಶಕ್ತಿಯ ಫೋಟಾನಿಗೆ ಬಡಿದು ಅದರ ಶಕ್ತಿ ಏರಿಸುವುದು) ಅನ್ನುತ್ತಾರೆ. ಒಂದು ಜೆಟ್ ಎದುರಿಗಿದ್ದರೆ ಯಾವುದೆಂದು ತೀರ್ಮಾನಿಸುವುದು ಯಾವ ಅಳತೆಯಿಂದ?

ಮೂರನೆಯದು: ಚಿತ್ರದಲ್ಲಿ ಕೇಂದ್ರದಿಂದ ಒಂದು ಆರ್ಕ್‌ಸೆಕೆಂಡಿಗಿಂತ ಸ್ವಲ್ಪ ಒಳಗೆ ಸಣ್ಣ ಚಾಚು ಕಾಣುತ್ತದೆ. ಜೆಟ್ ಇಲ್ಲದ ಬೇರೆ ಆಕರಗಳಲ್ಲೂ ಅದೇ ಇದೆ. ಜೊತೆಗೆ ಕೇಂದ್ರದ ಮೂಲಕ ಹಾದುಹೋಗುವ ಒಂದು ತೆಳು ನೇರಗೆರೆ. ಇವು ಏನು?

ಬೇಡ್ತಿ, ಯಲ್ಲಾಪುರ

ಸರ್, ನಿಮ್ಮ ಲೆಕ್ಕ ಸರಿಯಾಗಿದೆ. ಆ 100 ವರ್ಷವೇ ಈ ವಿಷಯದ ಜೀವಾಳ, ಹಾಗಾಗಿ ವಿದ್ಯಾರ್ಥಿಗಳು ಅದನ್ನು ತಾವೇ ಬಿಡಿಸಿ ನೋಡಬೇಕು.

ಸೂತ್ರ ಎರಡೇ. ಸಿಂಕ್ರೊಟ್ರಾನ್ ಆವರ್ತನ ಸುಮಾರು 42 ಲಕ್ಷ ಹರ್ಟ್ಸ್ ಗುಣಿಸು ಕಾಂತಕ್ಷೇತ್ರ (ಗಾಸ್‌ನಲ್ಲಿ) ಗುಣಿಸು ಲೊರೆಂಟ್ಸ್ ಅಂಶದ ವರ್ಗ. ಆಯುಸ್ಸು ಸೆಕೆಂಡಿನಲ್ಲಿ 7.7×10⁸ ಭಾಗಿಸು ಕ್ಷೇತ್ರದ ವರ್ಗ, ಮತ್ತೆ ಭಾಗಿಸು ಲೊರೆಂಟ್ಸ್ ಅಂಶ. 1 ಕೆಇವಿ ಅಂದರೆ 2.4×10¹⁷ ಹರ್ಟ್ಸ್. ಸೂತ್ರದ ಮೇಲೆ ನಂಬಿಕೆ ಬರಬೇಕಾದರೆ ಮೊದಲು ಅದನ್ನು ಇಂದೋರಿನಲ್ಲಿ ಎಲೆಕ್ಟ್ರಾನ್ ಸುತ್ತಿಸಿ ಸಿಂಕ್ರೊಟ್ರಾನ್ ವಿಕಿರಣ ಪಡೆಯುವ ಇಂಡಸ್-2 ಯಂತ್ರಕ್ಕೆ ಹಾಕಿ ನೋಡಲಿ. ಅಲ್ಲಿ ಎಲೆಕ್ಟ್ರಾನ್ 2.5 ಜಿಇವಿ (1 ಜಿಇವಿ ಎಂದರೆ ನೂರು ಕೋಟಿ ಎಲೆಕ್ಟ್ರಾನ್-ವೋಲ್ಟ್), ಬಾಗಿಸುವ ಅಯಸ್ಕಾಂತ 1.5 ಟೆಸ್ಲಾ, ಅಂದರೆ 15,000 ಗಾಸ್. ಲೊರೆಂಟ್ಸ್ ಅಂಶ 4900ರ ಹತ್ತಿರ ಬರುತ್ತದೆ, ಸೂಸುವ ವಿಕಿರಣ ಸುಮಾರು 6 ಕೆಇವಿ. ಅದೇ ಸೂತ್ರ, ಅದೇ ಭೌತಶಾಸ್ತ್ರ. ಜೆಟ್‌ನಲ್ಲಿ ಕ್ಷೇತ್ರ ಅದಕ್ಕಿಂತ 15 ಕೋಟಿ ಪಟ್ಟು ದುರ್ಬಲ. ಆದ್ದರಿಂದಲೇ ಎಲೆಕ್ಟ್ರಾನಿನ ಶಕ್ತಿ ಟಿಇವಿಗೆ ಏರಲೇಬೇಕು.

ಅದೇ 100 ಮೈಕ್ರೊಗಾಸ್‌ನಲ್ಲಿ 5 ಗಿಗಾಹರ್ಟ್ಸ್ ರೇಡಿಯೊ ಸೂಸುವ ಎಲೆಕ್ಟ್ರಾನಿಗೆ ಲೊರೆಂಟ್ಸ್ ಅಂಶ 3500ರ ಆಸುಪಾಸು, ಆಯುಸ್ಸು 7 ಲಕ್ಷ ವರ್ಷ. ರೇಡಿಯೊ ಎಲೆಕ್ಟ್ರಾನ್ ಕೇಂದ್ರದ ಬಳಿ ಹುಟ್ಟಿ ಜೆಟ್‌ನ ತುದಿವರೆಗೂ ಹೋಗಬಹುದು. ಎಕ್ಸ್-ಕಿರಣದ್ದು ಹೋಗಲಾರದು. ಕ್ಷೇತ್ರ ಕಡಿಮೆ ಎಂದು ಹಿಡಿದು ತಪ್ಪಿಸಿಕೊಳ್ಳೋಣ ಎಂದರೆ, ನಿರ್ದಿಷ್ಟ ಫೋಟಾನ್ ಶಕ್ತಿಗೆ ಆಯುಸ್ಸು ಕ್ಷೇತ್ರದ ಮೈನಸ್ 3/2 ಘಾತದಂತೆ ಹೋಗುತ್ತದೆ. 10 ಮೈಕ್ರೊಗಾಸ್‌ಗೆ ಇಳಿಸಿದರೆ 3000 ಚಿಲ್ಲರೆ ವರ್ಷ ಸಿಗುತ್ತದೆ. ಆದರೆ ಅಷ್ಟು ಕಡಿಮೆ ಕ್ಷೇತ್ರದಲ್ಲಿ ಕಾಣುವ ರೇಡಿಯೊ ಹೊಳಪು ಬರಬೇಕಾದರೆ ಕಣಗಳ ಒಟ್ಟು ಶಕ್ತಿ ವಿಪರೀತ ಏರುತ್ತದೆ. ಜೆಟ್ ನಮ್ಮತ್ತ ಓಡುವುದರಿಂದ ಕಾಲ ಹಿಗ್ಗುವುದೂ ಉಂಟು, ಅದು ಕೆಲವು ಪಟ್ಟು ಮಾತ್ರ. ಐವತ್ತು ಪಟ್ಟಿನ ಕೊರತೆಯನ್ನು ಅದೊಂದೇ ತುಂಬುವುದಿಲ್ಲ.

ಉಳಿಯುವ ಉತ್ತರ: ಎಲೆಕ್ಟ್ರಾನುಗಳು ದಾರಿಯುದ್ದಕ್ಕೂ ಮತ್ತೆ ಮತ್ತೆ ವೇಗ ಪಡೆಯುತ್ತಿವೆ. ಒಮ್ಮೆ ಎಣ್ಣೆ ಹೊಯ್ದ ದೊಂದಿ ಊರು ದಾಟುವವರೆಗೂ ಉರಿಯದು, ಹಿಡಿದು ನಡೆಯುವವರು ನಡುನಡುವೆ ಹೊಯ್ಯುತ್ತಲೇ ಇರಬೇಕು. ಹೊಯ್ಯುವ ಜಾಗಗಳಲ್ಲಿ ಕೆಲವು ಜೆಟ್‌ನಲ್ಲಿ ಪ್ರಖರವಾಗಿ ಎದ್ದು ಕಾಣುವ ಗಂಟುಗಳು, ಅಲ್ಲಿ ಆಘಾತ ಅಲೆ ಇರಬಹುದು. ಆದರೆ ಗಂಟುಗಳ ನಡುವಿನ ಮಂದ ಭಾಗದಲ್ಲೂ ಎಕ್ಸ್-ಕಿರಣ ಬರುತ್ತಿರುವುದರಿಂದ ಆಘಾತ ಅಲೆ ಮಾತ್ರ ಸಾಲದು. ಪ್ರಕ್ಷುಬ್ಧತೆ, ಜೆಟ್‌ನ ಅಂಚಿನಲ್ಲಿ ವೇಗ ಬದಲಾಗುವ ಪದರ, ಕಾಂತರೇಖೆಗಳ ಮರುಜೋಡಣೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನನ್ನ ಅಭಿಪ್ರಾಯದಲ್ಲಿ ಆ ನಡುವಿನ ಮಂದ ಬೆಳಕೇ ಗಂಟುಗಳಿಗಿಂತ ಹೆಚ್ಚು ಹೇಳುತ್ತದೆ.

ಹತ್ತಿರದ ರೇಡಿಯೊ ಗೆಲಾಕ್ಸಿಗಳಲ್ಲಿ ಇದಕ್ಕೆ ಸಾಕ್ಷಿ ಗಟ್ಟಿಯಾಗಿದೆ. ಹಲವು ಗಂಟುಗಳಲ್ಲಿ ಎಕ್ಸ್-ಕಿರಣದ ಶಿಖರ ರೇಡಿಯೊ ಶಿಖರಕ್ಕಿಂತ ಕೇಂದ್ರದ ಕಡೆಗೆ ಸರಿದಿರುತ್ತದೆ: ವೇಗ ಪಡೆದ ಜಾಗದಲ್ಲೇ ಎಕ್ಸ್-ಕಿರಣ ಮುಗಿಯುತ್ತದೆ, ರೇಡಿಯೊ ಎಲೆಕ್ಟ್ರಾನ್ ಹರಿದು ಮುಂದೆ ಹೋಗುತ್ತದೆ. 1.2 ಕೋಟಿ ಜ್ಯೋತಿರ್ವರ್ಷ ದೂರದ ಸೆಂಟಾರಸ್ ಎಯಲ್ಲಿ 2020ರಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳು ಟಿಇವಿ ಗಾಮಾ ಕಿರಣವೇ ಜೆಟ್‌ನ ಉದ್ದಕ್ಕೆ ಚಾಚಿರುವುದನ್ನು ತೋರಿಸಿದವು. ಅಷ್ಟು ಶಕ್ತಿಯ ಎಲೆಕ್ಟ್ರಾನ್ ಕೇಂದ್ರದಿಂದ ಸಾವಿರಾರು ಜ್ಯೋತಿರ್ವರ್ಷ ಆಚೆ ನಿಜಕ್ಕೂ ಇದೆ ಎಂಬುದಕ್ಕೆ ಸಿಂಕ್ರೊಟ್ರಾನ್ ಅಲ್ಲದ ಬೇರೆ ದಾರಿಯಿಂದ ಬಂದ ಪುರಾವೆ ಅದು.

ಅಘನಾಶಿನಿ, ಕುಮಟಾ

ಮೂರನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಚಿತ್ರ ಸರಿಯಿಲ್ಲದೆ ಉಳಿದದ್ದನ್ನು ಮಾತಾಡಿ ಪ್ರಯೋಜನವಿಲ್ಲ.

ಆ ಚಾಚು ಜೆಟ್ ಅಲ್ಲ, ಚಂದ್ರಾ ಕನ್ನಡಿಯ ಗುಣ. ಬಿಂದು ಆಕರದ ಬೆಳಕಿನಲ್ಲಿ ಸುಮಾರು ನೂರಕ್ಕೆ ಐದು ಭಾಗ ಕೇಂದ್ರದಿಂದ 0.6ರಿಂದ 0.8 ಆರ್ಕ್‌ಸೆಕೆಂಡ್ ದೂರದಲ್ಲಿ ಒಂದು ಕೊಕ್ಕೆಯಂತೆ ಬೀಳುತ್ತದೆ. ಎಂ87ರಲ್ಲಿ ಇದು ವಿಶೇಷವಾಗಿ ತೊಂದರೆ ಕೊಡುತ್ತದೆ, ಏಕೆಂದರೆ ಎಚ್‌ಎಸ್‌ಟಿ-1 ಎಂಬ ಪ್ರಸಿದ್ಧ ಗಂಟು ಕೇಂದ್ರದಿಂದ ಇರುವುದೇ 0.86 ಆರ್ಕ್‌ಸೆಕೆಂಡ್ ದೂರದಲ್ಲಿ. ಎರಡನ್ನೂ ಬೇರ್ಪಡಿಸುವ ದಾರಿ ಸರಳ: ಕೊಕ್ಕೆಯ ದಿಕ್ಕು ನೌಕೆಯ ಉರುಳುಕೋನದ (ನೋಡುವ ದಿಕ್ಕಿನ ಅಕ್ಷದ ಸುತ್ತ ನೌಕೆ ಎಷ್ಟು ತಿರುಗಿದೆ ಎಂಬ ಕೋನ) ಜೊತೆ ತಿರುಗುತ್ತದೆ, ಜೆಟ್ ತಿರುಗುವುದಿಲ್ಲ. ಬೇರೆ ಬೇರೆ ಉರುಳುಕೋನದ ಎರಡು ವೀಕ್ಷಣೆ ಪಕ್ಕಪಕ್ಕ ಇಟ್ಟರೆ ಸಾಕು. ಚಂದ್ರಾ ದತ್ತಾಂಶ ಸಂಸ್ಕರಿಸುವ ಸಿಯಾವೊ ತಂತ್ರಾಂಶದಲ್ಲಿ ಕೊಕ್ಕೆಯ ಜಾಗವನ್ನು ಗುರುತು ಹಾಕಿಕೊಡುವ ಸಾಧನವೇ ಇದೆ, ಹೆಸರು ಮೇಕ್_ಪಿಎಸ್‌ಎಫ್_ಅಸಿಮೆಟ್ರಿ_ರೀಜನ್.

ತೆಳು ನೇರಗೆರೆ ಬೇರೆ ಸಂಗತಿ. ಪತ್ತೆಕದ ಸಿಸಿಡಿ ಚಿಪ್‌ನಿಂದ ಆವೇಶ ಹೊರಗೆ ಸಾಗಿಸುವ 40 ಮಿಲಿಸೆಕೆಂಡಿನಷ್ಟು ಹೊತ್ತಿನಲ್ಲೂ ಕನ್ನಡಿ ಮುಚ್ಚಿರುವುದಿಲ್ಲ. ಆಗ ಬಿದ್ದ ಫೋಟಾನುಗಳು ಪಿಕ್ಸೆಲ್ ಕಂಬದುದ್ದಕ್ಕೂ ಚದುರಿ ದಾಖಲಾಗುತ್ತವೆ. ಇದರ ದಿಕ್ಕೂ ಉರುಳುಕೋನವನ್ನು ಅನುಸರಿಸುತ್ತದೆ. ಜೆಟ್ ಮೇಲೆಯೇ ಈ ಗೆರೆ ಹಾದಿರುವ ವೀಕ್ಷಣೆಯನ್ನು ಬಿಟ್ಟು ಬೇರೆಯದನ್ನು ಆರಿಸಿ, ಸರಿಪಡಿಸಲು ಕೂರಬೇಡಿ.

ಈಗ ಕೆಲಸದ ಕ್ರಮ. ಸಿಯಾವೊ, ಶೆರ್ಪಾ (ಮಾದರಿ ಹೊಂದಿಸಲು), ಡಿಎಸ್9 (ಚಿತ್ರ ನೋಡಲು), ಮಾರ್ಕ್ಸ್ (ದೂರದರ್ಶಕದ ಅನುಕರಣೆಗೆ), ಕ್ಯಾಲ್‌ಡಿಬಿ (ಉಪಕರಣ ಹೊಂದಾಣಿಕೆಯ ದತ್ತಾಂಶ) ಎಲ್ಲವನ್ನೂ ಕಾಂಡಾ ಎಂಬ ತಂತ್ರಾಂಶ ಸ್ಥಾಪಕದ ಮೂಲಕ ಒಂದೇ ಪರಿಸರದಲ್ಲಿ ಹಾಕಿಕೊಳ್ಳಿ. ಕೆಲವು ಜಿಬಿ ಆಗುತ್ತದೆ, ಮಳೆಗೆ ನೆಟ್ ಕೈಕೊಡುವ ಹಗಲಿನಲ್ಲಿ ಬೇಡ, ರಾತ್ರಿ ಹಾಕಿಡಿ. ವೀಕ್ಷಣೆ ಆರಿಸುವಾಗ ಏಸಿಸ್-ಎಸ್ ಪತ್ತೆಕ, ಗ್ರೇಟಿಂಗ್ (ಕಿರಣವನ್ನು ಶಕ್ತಿಗೆ ತಕ್ಕಂತೆ ಹರಡುವ ಜಾಲರಿ) ಇಲ್ಲದ್ದು ಮತ್ತು ಮುಖ್ಯವಾಗಿ ಚೌಕಟ್ಟಿನ ಕಾಲ (ಪತ್ತೆಕವನ್ನು ಒಮ್ಮೆ ಓದುವ ಮುನ್ನ ಫೋಟಾನ್ ಕೂಡಿಸುವ ಹೊತ್ತು) ಕಡಿಮೆ ಇರುವುದು. ಪೂರ್ಣ ಚೌಕಟ್ಟು 3.2 ಸೆಕೆಂಡ್, ಎಂಟನೇ ಒಂದು ಭಾಗ ಮಾತ್ರ ಓದಿದರೆ 0.4 ಸೆಕೆಂಡ್. ಎಂ87ಗೆ 0.4 ಸೆಕೆಂಡಿನದೇ ಬೇಕು. 3.2ರಲ್ಲಿ ಒಂದೇ ಚೌಕಟ್ಟಿನಲ್ಲಿ ಎರಡು ಫೋಟಾನ್ ಒಂದೇ ಜಾಗಕ್ಕೆ ಬಿದ್ದು, ಎರಡರ ಶಕ್ತಿ ಕೂಡಿ ಒಂದು ಫೋಟಾನ್ ಎಂದು ದಾಖಲಾಗುತ್ತದೆ. ಎಣಿಕೆ ಇಳಿಯುತ್ತದೆ, ವರ್ಣಪಟಲ ಇಲ್ಲದ ಗಡಸುತನ ತೋರುತ್ತದೆ. ಸಿಯಾವೊದ ಪೈಲಪ್_ಮ್ಯಾಪ್ ಸಾಧನ ಓಡಿಸಿ, ಚೌಕಟ್ಟಿಗೆ 0.2 ಎಣಿಕೆ ಎಂದು ಬಂದ ಕಡೆ ಸುಮಾರು ನೂರಕ್ಕೆ ಹತ್ತರಷ್ಟು ಕಲಸಿದೆ ಎಂದು ತಿಳಿಯಿರಿ.

ಇಳಿಸಿದ ಮೇಲೆ ದತ್ತಾಂಶವನ್ನು ಹೊಸದಾಗಿ ಸಂಸ್ಕರಿಸುವ ಚಂದ್ರಾ_ರೀಪ್ರೊ ಕಡ್ಡಾಯ. ಹಳೆಯ ಸಂಸ್ಕರಣೆಯ ಕಡತ ಹಾಗೇ ಬಳಸಬೇಡಿ: ಪತ್ತೆಕದ ಶೋಧಕದ ಮೇಲೆ ವರ್ಷದಿಂದ ವರ್ಷಕ್ಕೆ ಮಲಿನ ಪದರ ಕಟ್ಟುತ್ತ ಬಂದಿದೆ, ಕಡಿಮೆ ಶಕ್ತಿಯ ಕಿರಣಗಳನ್ನು ಅದು ನುಂಗುತ್ತದೆ. 2000ದ ಎಣಿಕೆಯನ್ನೂ 2020ರ ಎಣಿಕೆಯನ್ನೂ ನೇರ ಹೋಲಿಸಿದರೆ ಮಂದವಾಗದ ಗಂಟೂ ಮಂದವಾದಂತೆ ಕಾಣುತ್ತದೆ. ಹೊಸ ಕ್ಯಾಲ್‌ಡಿಬಿಯೊಂದಿಗೆ ಫ್ಲಕ್ಸ್‌ಗೆ ಪರಿವರ್ತಿಸಿಯೇ ಹೋಲಿಸಬೇಕು.

ಚಿತ್ರಕ್ಕೆ 0.5ರಿಂದ 7 ಕೆಇವಿ ಸೋಸಿ. ಪತ್ತೆಕದ ಪಿಕ್ಸೆಲ್ 0.492 ಆರ್ಕ್‌ಸೆಕೆಂಡ್. ಅದನ್ನು ನಾಲ್ಕರಿಂದ ಭಾಗಿಸಿ 0.123ಕ್ಕೆ ಇಟ್ಟರೆ ಎಚ್‌ಎಸ್‌ಟಿ-1 ಮತ್ತು ಕೇಂದ್ರ ಬೇರೆಯಾಗಿ ಕಾಣುತ್ತವೆ. ದೂರದರ್ಶಕ ಸೂಕ್ಷ್ಮವಾಗಿ ತೂಗುತ್ತಲೇ ಇರುವುದರಿಂದ ಈ ಉಪಪಿಕ್ಸೆಲ್ ಮಾಹಿತಿ ನಿಜಕ್ಕೂ ದತ್ತಾಂಶದಲ್ಲಿದೆ, ಕೃತಕ ಹಿಗ್ಗಿಸುವಿಕೆಯಲ್ಲ. ರೇಡಿಯೊ ನಕ್ಷೆಯ ಮೇಲೆ ಹೊದಿಸುವ ಮುನ್ನ ಎಕ್ಸ್-ಕಿರಣದ ಕೇಂದ್ರವನ್ನು ರೇಡಿಯೊ ಕೇಂದ್ರಕ್ಕೆ ಕೂಡಿಸಿ. ಆಕಾಶಸ್ಥಾನದಲ್ಲಿ ಅರ್ಧದಿಂದ ಒಂದು ಆರ್ಕ್‌ಸೆಕೆಂಡ್ ವ್ಯತ್ಯಾಸ ಇರುವುದು ಮಾಮೂಲಿ. ಬೇಡ್ತಿಯವರು ಹೇಳಿದ ಶಿಖರದ ಸರಿತವೂ ಅಷ್ಟೇ ಇರುತ್ತದೆ. ಕೂಡಿಸದೆ ಅಳೆದ ಸರಿತಕ್ಕೆ ಬೆಲೆ ಇಲ್ಲ.

ವರ್ಣಪಟಲ ತೆಗೆಯುವಾಗ ಹೆಚ್ಚು ಕೆಡುವುದು ಹಿನ್ನೆಲೆ. ಎಂ87 ಸುತ್ತ 1ರಿಂದ 2 ಕೆಇವಿ ಉಷ್ಣತೆಯ ಅನಿಲ ತುಂಬಿದೆ, ಅದೂ ಸಮನಾಗಿಲ್ಲ. ದೂರದ ಖಾಲಿ ಮೂಲೆಯಿಂದ ಹಿನ್ನೆಲೆ ತೆಗೆದರೆ 1 ಕೆಇವಿ ಹತ್ತಿರ ಕಬ್ಬಿಣದ ರೇಖೆಗಳ ಉಬ್ಬು ಉಳಿದು, ಗಂಟಿನ ವರ್ಣಪಟಲ ಇರುವುದಕ್ಕಿಂತ ಇಳಿಜಾರಾಗುತ್ತದೆ. ಕೇಂದ್ರದಿಂದ ಅಷ್ಟೇ ದೂರದಲ್ಲಿ, ಜೆಟ್‌ನ ಎರಡೂ ಬದಿಯಿಂದ ಹಿನ್ನೆಲೆ ತೆಗೆಯಿರಿ. ಮಾದರಿ ಎಷ್ಟು ಹೊಂದುತ್ತದೆ ಎಂದು ಅಳೆಯಲು ಎಣಿಕೆ ಕಡಿಮೆ ಇರುವ ಗಂಟಿಗೆ ಕೈ-ವರ್ಗ (ಕೈ-ಸ್ಕ್ವೇರ್) ಹಾಕಬೇಡಿ, ಕಡಿಮೆ ಎಣಿಕೆಗೂ ಸಲ್ಲುವ ಕ್ಯಾಶ್ ಅಂಕಿಯನ್ನೇ ಬಳಸಿ. ಮಾದರಿ ಸರಳವಾಗಿರಲಿ: ನಮ್ಮ ಆಕಾಶಗಂಗೆಯ ಹೈಡ್ರೊಜನ್ ಹೀರುವಿಕೆಯನ್ನು ಸ್ಥಿರವಾಗಿಟ್ಟು, ಅದರೊಂದಿಗೆ ಒಂದು ಘಾತ ನಿಯಮ. 1 ಕೆಇವಿಯಲ್ಲಿ ಬರುವ ನಾರ್ಮ್ ಮೌಲ್ಯ 10⁻⁶ ಇದ್ದರೆ 0.66 ನ್ಯಾನೊಜಾನ್ಸ್ಕಿ (ಜಾನ್ಸ್ಕಿ ರೇಡಿಯೊ ಖಗೋಳದಲ್ಲಿ ಫ್ಲಕ್ಸ್ ಅಳೆಯುವ ಮಾನ). ರೇಡಿಯೊ ಜೊತೆ ಒಂದೇ ನಕ್ಷೆಯಲ್ಲಿ ಹಾಕಲು ಈ ಪರಿವರ್ತನೆ ಬೇಕಾಗುತ್ತದೆ.

ಸೋಂದಾ, ಶಿರಸಿ

ಎರಡನೇ ಪ್ರಶ್ನೆಗೆ ನನ್ನ ಉತ್ತರ.

ವಿಲೋಮ ಕಾಂಪ್ಟನ್ ವಿವರಣೆ ಎಲ್ಲಿಂದ ಬಂತು ಎಂದು ತಿಳಿದರೆ ಅದರ ಬಲವೂ ದೌರ್ಬಲ್ಯವೂ ಅರ್ಥವಾಗುತ್ತವೆ. ಚಂದ್ರಾ 1999ರ ಜುಲೈನಲ್ಲಿ ಹಾರಿತು. ಆಗಸ್ಟ್‌ನಲ್ಲಿ ನಾಭಿ ಸರಿಪಡಿಸಿಕೊಳ್ಳಲೆಂದು ಪಿಕೆಎಸ್ 0637-752 ಎಂಬ ಕ್ವೇಸಾರಿನತ್ತ (ದೂರದ ಗೆಲಾಕ್ಸಿಯ ಅತಿ ಪ್ರಖರ ಕೇಂದ್ರ) ತಿರುಗಿಸಿದರು. ಬಿಂದುವಾಗಿರಬೇಕಾದದ್ದರ ಪಕ್ಕದಲ್ಲಿ 10 ಆರ್ಕ್‌ಸೆಕೆಂಡ್ ಉದ್ದದ ಜೆಟ್ ಎದ್ದಿತು. ಎಕ್ಸ್-ಕಿರಣ ಎಷ್ಟು ಪ್ರಖರವೆಂದರೆ, ರೇಡಿಯೊದಿಂದ ಎಕ್ಸ್-ಕಿರಣಕ್ಕೆ ಎಳೆದ ಗೆರೆಗಿಂತ ದೃಗ್ಗೋಚರ ಬೆಳಕು ಬಹಳ ಕೆಳಗೆ ಬಿತ್ತು. ಒಂದೇ ಎಲೆಕ್ಟ್ರಾನ್ ಸಮೂಹದ ಸಿಂಕ್ರೊಟ್ರಾನ್ ಮಧ್ಯದಲ್ಲಿ ತಗ್ಗಿ ಮತ್ತೆ ಏಳಲಾರದು. ಎಂ87ರಲ್ಲಿ ಹೀಗಿಲ್ಲ, ಅಲ್ಲಿ ದೃಗ್ಗೋಚರ ಬಿಂದು ಗೆರೆಯ ಮೇಲೆಯೇ ಇದ್ದು ಎಕ್ಸ್-ಕಿರಣ ಕೆಳಗೆ ಬಾಗುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಇದು: ಪ್ರತಿ ಗಂಟಿಗೂ ರೇಡಿಯೊ, ದೃಗ್ಗೋಚರ, ಎಕ್ಸ್-ಕಿರಣದ ಮೂರು ಬಿಂದು ಹಾಕಿ, ನಡುವಿನದು ಮೇಲಿದೆಯೋ ಕೆಳಗಿದೆಯೋ ನೋಡಿ.

2000–01ರಲ್ಲಿ ಬಂದ ಪರಿಹಾರ: ಜೆಟ್ ಲಕ್ಷಾಂತರ ಜ್ಯೋತಿರ್ವರ್ಷ ಆಚೆಯೂ ಲೊರೆಂಟ್ಸ್ ಅಂಶ 10ರ ಸುಮಾರಿನ ವೇಗದಲ್ಲಿ ನಮ್ಮತ್ತ ಓಡುತ್ತಿದೆ, ಅದರ ಕಣ್ಣಿಗೆ ಹಿನ್ನೆಲೆ ವಿಕಿರಣ ನೂರು ಪಟ್ಟು ಸಾಂದ್ರವಾಗುತ್ತದೆ, ಲೊರೆಂಟ್ಸ್ ಅಂಶ ಬರೀ 100 ಇರುವ ಸಾಧುವಾದ ಎಲೆಕ್ಟ್ರಾನುಗಳೇ ಆ ಫೋಟಾನನ್ನು ಎಕ್ಸ್-ಕಿರಣಕ್ಕೆ ಏರಿಸುತ್ತವೆ. ಟಿಇವಿ ಎಲೆಕ್ಟ್ರಾನ್ ಬೇಕಿಲ್ಲ. ಸುಂದರ ವಿವರಣೆ, ಹತ್ತು ವರ್ಷ ಅದೇ ಮಾಮೂಲಿ ಉತ್ತರವಾಗಿತ್ತು. ಹಲವು ಪಠ್ಯಗಳಲ್ಲಿ ಇನ್ನೂ ಹಾಗೇ ಇದೆ, ಅದಕ್ಕೇ ಎಚ್ಚರಿಕೆ ಬೇಕು.

ತೊಂದರೆ ಎಲ್ಲಿ? ಆ 100ರ ಎಲೆಕ್ಟ್ರಾನುಗಳ ಸಿಂಕ್ರೊಟ್ರಾನ್ 1 ಮೆಗಾಹರ್ಟ್ಸ್ ಆಸುಪಾಸಿಗೆ ಬೀಳುತ್ತದೆ. ಅಯಾನುಗೋಲ ಅದನ್ನು ಭೂಮಿಗೆ ಬಿಡುವುದಿಲ್ಲ, ಹಾಗಾಗಿ ಅವು ಎಷ್ಟಿವೆ ಎಂದು ಎಣಿಸಲು ಸಾಧ್ಯವಿಲ್ಲ. ಬರೀ ಊಹೆ. ಎರಡನೆಯದಾಗಿ, ಅವುಗಳ ಆಯುಸ್ಸು ಕೋಟಿ ವರ್ಷಗಳ ಲೆಕ್ಕ. ಒಮ್ಮೆ ಹೊತ್ತಿದರೆ ಗಂಟು ದಾಟಿದ ಮೇಲೂ ಎಕ್ಸ್-ಕಿರಣ ಎಳೆದುಕೊಂಡೇ ಹೋಗಬೇಕು. ಚಿತ್ರದಲ್ಲಿ ಮಾತ್ರ ಗಂಟುಗಳು ಚೂಪಾಗಿ ಮುಗಿಯುತ್ತವೆ.

ಗಟ್ಟಿ ಪರೀಕ್ಷೆ ಗಾಮಾ ಕಿರಣದ್ದು. ಈ ಮಾದರಿಯಲ್ಲಿ ರೇಡಿಯೊ ಸೂಸುವ ಎಲೆಕ್ಟ್ರಾನುಗಳೇ ಹಿನ್ನೆಲೆ ವಿಕಿರಣವನ್ನು ಜಿಇವಿಗೆ ಏರಿಸಲೇಬೇಕು. ರೇಡಿಯೊ ವರ್ಣಪಟಲದ ಆಕಾರವನ್ನೇ ಎತ್ತಿ ಎಕ್ಸ್-ಕಿರಣದ ಮಟ್ಟಕ್ಕೆ ಹೊಂದಿಸಿದರೆ ಗಾಮಾ ಎಷ್ಟು ಎಂಬುದು ತಾನಾಗಿ ನಿರ್ಧಾರವಾಗುತ್ತದೆ, ತಿರುಗಿಸಲು ಬೇರೆ ಗುಂಡಿ ಉಳಿಯುವುದಿಲ್ಲ. ಫರ್ಮಿ ಎಂಬ ಗಾಮಾ ಕಿರಣ ದೂರದರ್ಶಕಕ್ಕೆ ಜಿಇವಿಯಲ್ಲಿ ಒಂದು ಡಿಗ್ರಿಯ ಸುಮಾರಿನ ಮಸುಕು ಇರುವುದರಿಂದ ಜೆಟ್ ಬೇರೆಯಾಗಿ ಕಾಣದು, ಕ್ವೇಸಾರಿನ ಕೇಂದ್ರವೂ ಅದರೊಳಗೇ ಬರುತ್ತದೆ. ಆದರೆ ಕೇಂದ್ರ ಏರಿಳಿಯುತ್ತದೆ, ದೊಡ್ಡ ಜೆಟ್ ಏರಿಳಿಯಬಾರದು. ವರ್ಷಗಟ್ಟಲೆ ದತ್ತಾಂಶವನ್ನು ಕಾಲದ ತುಂಡುಗಳಾಗಿ ಕತ್ತರಿಸಿ, ಕೇಂದ್ರ ಅತಿ ಮಂದವಾಗಿದ್ದ ತುಂಡುಗಳನ್ನು ಮಾತ್ರ ಒಂದೊಂದಾಗಿ ಕೂಡಿಸುತ್ತ ಹೋದರೆ ಜೆಟ್‌ಗೆ ಗರಿಷ್ಠ ಮಿತಿ ಸಿಗುತ್ತದೆ. 3ಸಿ 273 ಎಂಬ ಕ್ವೇಸಾರಿಗೆ 2014ರಲ್ಲಿ, ಪಿಕೆಎಸ್ 0637-752ಕ್ಕೆ 2015ರಲ್ಲಿ ಹೀಗೆ ಮಾಡಿದಾಗ ಮಿತಿ ಮಾದರಿ ಕೇಳುವುದಕ್ಕಿಂತ ಕೆಳಗೆ ಬಂತು. ಈ ಮಾದರಿಗೆ ಹೆಸರು ತಂದ ಮೊದಲ ಜೆಟ್‌ನಲ್ಲೇ ಅದು ಬಿದ್ದುಹೋಯಿತು. ಅಲ್ಲಿಗೆ ಉಳಿಯುವುದು ಹೆಚ್ಚು ಶಕ್ತಿಯ ಎರಡನೇ ಎಲೆಕ್ಟ್ರಾನ್ ಸಮೂಹದ ಸಿಂಕ್ರೊಟ್ರಾನ್. ಪಿಕೆಎಸ್ 1136-135ರ ಗಂಟುಗಳಲ್ಲಿ ಹಬಲ್ ಕಂಡ ಬಲವಾದ ಧ್ರುವೀಕರಣವೂ ಅದೇ ದಿಕ್ಕಿಗೆ ಬೆರಳು ಮಾಡುತ್ತದೆ.

ಆದರೂ ವಿಲೋಮ ಕಾಂಪ್ಟನ್ ಪೂರ್ತಿ ಹೋಗಿಲ್ಲ. ಹಿನ್ನೆಲೆ ವಿಕಿರಣದ ಶಕ್ತಿ ಸಾಂದ್ರತೆ (1 + ಕೆಂಪು ಪಲ್ಲಟ) ಎಂಬ ಮೊತ್ತದ ನಾಲ್ಕನೇ ಘಾತದಂತೆ ಏರುತ್ತದೆ. ದೂರ ಹೆಚ್ಚಿದಂತೆ ಮೇಲ್ಮೈ ಹೊಳಪು ಕುಗ್ಗುವುದೂ ಅದೇ ಘಾತದಿಂದ, ಎರಡೂ ಸರಿದೂಗುತ್ತವೆ. ಜಿಬಿ 1508+5714ರ ಕೆಂಪು ಪಲ್ಲಟ 4.3, ಅಲ್ಲಿ ಹಿನ್ನೆಲೆ ವಿಕಿರಣ ಇಂದಿನದಕ್ಕಿಂತ ಸುಮಾರು 790 ಪಟ್ಟು ಸಾಂದ್ರ. ಅಂಥ ಜೆಟ್‌ಗಳಿಗೆ ನಾನು ಇನ್ನೂ ಈ ವಿವರಣೆಯನ್ನೇ ಮುಂದಿಡುತ್ತೇನೆ. ರೇಡಿಯೊ ಗೆಲಾಕ್ಸಿಗಳ ಅಗಲವಾದ ಹಾಲೆಗಳಿಗೂ (ಜೆಟ್ ತಂದು ಸುರಿದ ಕಣಗಳು ಹರಡಿದ ಭಾಗ) ಅದೇ ಸರಿ, ಅಲ್ಲಿ ವೇಗದ ನೆರವೂ ಬೇಕಾಗುವುದಿಲ್ಲ.

ಕಾಳಿತೀರ, ಕಾರವಾರ

ಎಲ್ಲರಿಗೂ ಧನ್ಯವಾದ. ಇನ್ನೆರಡು ಸಣ್ಣ ಪ್ರಶ್ನೆ. ನಮ್ಮ ದೇಶದ ಆಸ್ಟ್ರೊಸ್ಯಾಟ್, ಎಕ್ಸ್‌ಪೋಸ್ಯಾಟ್ ಉಪಗ್ರಹಗಳ ಮತ್ತು ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ದತ್ತಾಂಶ ಇದಕ್ಕೆ ಸೇರಿಸಬಹುದೇ? ಒಂದು ಸೆಮಿಸ್ಟರಿನಲ್ಲಿ ಮುಗಿಯುವಂತೆ ವಿದ್ಯಾರ್ಥಿಗಳಿಗೆ ಏನು ಕೊಡಲಿ?

ಬೇಡ್ತಿ, ಯಲ್ಲಾಪುರ

ಆಸ್ಟ್ರೊಸ್ಯಾಟ್‌ನ ಎಕ್ಸ್-ಕಿರಣ ದೂರದರ್ಶಕದ ಮಸುಕು ಆರ್ಕ್‌ಮಿನಿಟ್‌ಗಳಲ್ಲಿ. 20 ಆರ್ಕ್‌ಸೆಕೆಂಡ್ ಜೆಟ್ ಪೂರ್ತಿ ಕೇಂದ್ರದೊಳಗೆ ಮುಳುಗುತ್ತದೆ. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಚಿತ್ರ ತೆಗೆಯುವುದೇ ಇಲ್ಲ, ಪ್ರಖರ ಆಕರಗಳ ಧ್ರುವೀಕರಣ ಅಳೆಯುತ್ತದೆ. ಎರಡೂ ಒಳ್ಳೆಯ ಉಪಕರಣಗಳೇ, ಈ ಕೆಲಸಕ್ಕಲ್ಲ. ಜಿಎಂಆರ್‌ಟಿ ಉಪಯೋಗಕ್ಕೆ ಬರುತ್ತದೆ, ಆದರೆ ಸಿದ್ಧ ಸಿಗುವ 150 ಮೆಗಾಹರ್ಟ್ಸ್ ಸಮೀಕ್ಷೆಯ ಮಸುಕು 25 ಆರ್ಕ್‌ಸೆಕೆಂಡ್, ಅಲ್ಲಿ ಎಂ87ರ ಜೆಟ್ ಕಾಣದು, ಹಾಲೆಗಳು ಕಾಣುತ್ತವೆ. ಇನ್ನೊಂದು ಗಮನಿಸಿ: 100 ಮೈಕ್ರೊಗಾಸ್‌ನಲ್ಲಿ 150 ಮೆಗಾಹರ್ಟ್ಸ್ ಎಂದರೂ ಲೊರೆಂಟ್ಸ್ ಅಂಶ 600, ಸೋಂದಾದವರ 100 ಇನ್ನೂ ಕೈಗೆಟುಕುವುದಿಲ್ಲ. ಜೆಟ್‌ಗೆ ಅಮೆರಿಕದ ವಿಎಲ್‌ಎ ರೇಡಿಯೊ ದೂರದರ್ಶಕದ ಸಂಗ್ರಹದ 5 ಅಥವಾ 8 ಗಿಗಾಹರ್ಟ್ಸ್ ನಕ್ಷೆ ತೆಗೆದುಕೊಳ್ಳಿ.

ಅಘನಾಶಿನಿ, ಕುಮಟಾ

ಸೆಮಿಸ್ಟರಿಗೆ ನನ್ನ ಸಲಹೆ ಎಚ್‌ಎಸ್‌ಟಿ-1ರ ಏರಿಳಿತ, 2000ದಿಂದ 2008ರವರೆಗೆ. 0.4 ಸೆಕೆಂಡಿನ ವೀಕ್ಷಣೆಗಳು ಸಾಲಾಗಿ ಸಿಗುತ್ತವೆ. ಈ ಗಂಟು 2000ದಿಂದ 2005ರೊಳಗೆ 50 ಪಟ್ಟಿಗೂ ಹೆಚ್ಚು ಹೊಳೆದು, ಕೇಂದ್ರವನ್ನೇ ಮೀರಿಸಿ, ಆಮೇಲೆ ಇಳಿಯಿತು. ಇಳಿಯಲು ಹಿಡಿದ ಕಾಲವನ್ನು ಬೇಡ್ತಿಯವರ ಆಯುಸ್ಸಿನ ಸೂತ್ರಕ್ಕೆ ಹಾಕಿದರೆ ಕಾಂತಕ್ಷೇತ್ರ ಮಿಲಿಗಾಸ್ ಮಟ್ಟದ್ದು ಎಂದು ವಿದ್ಯಾರ್ಥಿಗಳೇ ತೆಗೆಯಬಹುದು. ಅವರ ಮೊದಲ ಪ್ರಶ್ನೆಗೆ ಅವರದೇ ಅಳತೆಯಿಂದ ಬರುವ ಉತ್ತರ ಅದು.

2005ರ ಆಸುಪಾಸಿನಲ್ಲಿ ಜಾಗ್ರತೆ. ಗಂಟು ಎಷ್ಟು ಪ್ರಖರವಾಗಿತ್ತೆಂದರೆ 0.4 ಸೆಕೆಂಡಿನಲ್ಲೂ ಫೋಟಾನುಗಳು ಕಲಸಿದವು. ಆಗ ಎಣಿಕೆ ಬಿಟ್ಟು, ಸೋಸದ ಮೊದಲ ಹಂತದ ಕಡತದಿಂದ ಸೆಕೆಂಡಿಗೆ ಒಟ್ಟು ಎಷ್ಟು ಕೆಇವಿ ಬಿತ್ತು ಎಂದು ಕೂಡಿಸಬೇಕು. ಎರಡು ಫೋಟಾನ್ ಒಂದಾದರೂ ಶಕ್ತಿಯ ಮೊತ್ತ ಬಹುಪಾಲು ಉಳಿದಿರುತ್ತದೆ. ಕೇಂದ್ರ ಮತ್ತು ಗಂಟಿನ ಪ್ರದೇಶಗಳ ನಡುವಿನ ಗಡಿಯನ್ನು ಒಮ್ಮೆ ಹಾಕಿದ ಮೇಲೆ ಎಲ್ಲ ವೀಕ್ಷಣೆಗೂ ಅದೇ ಇರಲಿ, ಮತ್ತು ಒಂದರಿಂದ ಇನ್ನೊಂದಕ್ಕೆ ಸೋರುವ ಬೆಳಕನ್ನು ಮಾರ್ಕ್ಸ್ ಅನುಕರಣೆಯಿಂದ ಅಂದಾಜಿಸಿ.

ಆಕಾಶದಲ್ಲೇ ನೋಡಬೇಕೆಂದು ಹುಡುಗರು ಕೇಳಿದರೆ ಮಾರ್ಚ್‌ನಿಂದ ಮೇ ಮಧ್ಯದವರೆಗೆ ಕಾಲ. ಕಾರವಾರದಲ್ಲಿ ಎಂ87 ಹೆಚ್ಚುಕಮ್ಮಿ ನೆತ್ತಿಯ ಮೇಲೆ ಹಾಯುತ್ತದೆ, ಸೆಂಟಾರಸ್ ಎ ದಕ್ಷಿಣದಲ್ಲಿ 32 ಡಿಗ್ರಿ ಎತ್ತರಕ್ಕೆ ಏರುತ್ತದೆ, ಕತ್ತಲೆ ಜಾಗದಲ್ಲಿ ಬೈನಾಕ್ಯುಲರಿಗೇ ಸಿಗುತ್ತದೆ. 3ಸಿ 273 ಸುಮಾರು 13ನೇ ಕಾಂತಿಮಾನ, 8 ಇಂಚಿನ ದೂರದರ್ಶಕ ಬೇಕು. ಕರಾವಳಿಯ ತೇವದಲ್ಲಿ ಅದು ಕಷ್ಟ, ಶಿರಸಿ ಕಡೆ ಘಟ್ಟ ಹತ್ತಿದರೆ ಆಗುತ್ತದೆ.